ಅಂಬಾಸಿಡರ್ ಎಂಜಿನ್ನಿಗೆ ಹೊಸ ಕ್ಯಾಮ್‌ಶಾಫ್ಟ್ ಹಾಕಿದ್ದೀರಾ? ಮೊದಲ ಇಪ್ಪತ್ತು ನಿಮಿಷ ಸ್ಲೋಗೆ ಬಿಡಬೇಡಿ

ಎಂಜಿನ್ ಕೆಲಸ ಮುಗಿದ ದಿನ ನಮ್ಮ ಕಡೆ ಗ್ಯಾರೇಜುಗಳಲ್ಲಿ ಒಂದು ರೂಢಿ ಇದೆ. ಸೆಲ್ಫ್ ಹೊಡೆದು ಸ್ಟಾರ್ಟ್ ಮಾಡುವುದು, ಸ್ಲೋ ಸ್ಕ್ರೂ ತಿರುಗಿಸಿ ಗುಡುಗುಡು ಅನ್ನಿಸುತ್ತಾ ಬಿಡುವುದು, ಊಟಕ್ಕೆ ಹೋಗಿಬರುವುದು. ‘ಎಂಜಿನ್ ಟೈಟಿದೆ, ಫ್ರೀ ಆಗ್ಲಿ’ ಎಂಬುದು ಸಮಜಾಯಿಷಿ. ವಾಲ್ವುಗಳನ್ನು ತೆರೆಸುವ ಹಳೆಯ ಕ್ಯಾಮ್‌ಶಾಫ್ಟ್, ಅದರ ಮೇಲೆ ಕೂತು ಏರಿಳಿಯುವ ತನ್ನದೇ ಹಳೆಯ ಟ್ಯಾಪೆಟ್‌ಗಳ ಜೊತೆ ವಾಪಸ್ ಕೂತಿದ್ದರೆ ಕ್ಯಾಮ್‌ಗೆ ಇದರಿಂದ ಅಂಥ ಕೇಡೇನಿಲ್ಲ, ಪಿಸ್ಟನ್ ರಿಂಗುಗಳಿಗಂತೂ ಒಳ್ಳೆಯದಲ್ಲ. ಆದರೆ ಹೊಸ ಕ್ಯಾಮ್, ಹೊಸ ಟ್ಯಾಪೆಟ್ ಹಾಕಿದ್ದರೆ ಆ ಸ್ಲೋ ಓಟವೇ ಅವನ್ನು ತಿಂದುಹಾಕುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ಜನ ನಂಬುವುದಿಲ್ಲ. ಹೊಸದನ್ನು ಮೆಲ್ಲಗೆ ನಡೆಸಬೇಕು ಎಂಬುದು ನಮ್ಮ ರಕ್ತದಲ್ಲೇ ಇದೆ.

ಮೈಸೂರಿನಲ್ಲಿ ನಮ್ಮ ತಂದೆ ಶುರುಮಾಡಿದ ಗ್ಯಾರೇಜನ್ನು ಈಗ ನಾನು ನಡೆಸುತ್ತಿದ್ದೇನೆ. ಹೊಸ ಗಾಡಿಗಳೂ ಬರುತ್ತವೆ, ಆದರೆ ಮನಸ್ಸು ಇರುವುದು ಅಂಬಾಸಿಡರ್ ಮೇಲೆ. ಇಲ್ಲಿ ಹೇಳುವುದೆಲ್ಲ ಅದರ 1489 ಸಿಸಿ ಪೆಟ್ರೋಲ್ ಎಂಜಿನ್ನಿಗೆ, ಅಂದರೆ ಇಂಗ್ಲೆಂಡಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ವಂಶದ್ದಕ್ಕೆ, ಸಂಬಂಧಿಸಿದ್ದು. ಪ್ರೀಮಿಯರ್ ಪದ್ಮಿನಿಯ 1089 ಸಿಸಿ ಪುಶ್‌ರಾಡ್ ಎಂಜಿನ್ನಿಗೂ ಮೂಲ ತತ್ವ ಇದೇ, ಅಳತೆಗಳು ಬೇರೆ. ಆಮೇಲೆ ಬಂದ ಇಸುಜು ಎಂಜಿನ್ನಿನ ಅಂಬಾಸಿಡರ್ ಇದ್ದವರು ಇದನ್ನು ಓದಿ ಗಾಬರಿಯಾಗಬೇಡಿ. ಅದರ ಕ್ಯಾಮ್ ಹೆಡ್ಡಿನ ಮೇಲಿದೆ, ಅದರ ಕಥೆಯೇ ಬೇರೆ.

ಇಂಥ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ ಬ್ಲಾಕಿನ ಪಕ್ಕದಲ್ಲಿ ಮಲಗಿರುತ್ತದೆ. ಅದರ ಒಂದೊಂದು ಲೋಬಿನ, ಅಂದರೆ ಮೂತಿಯಿರುವ ಬಿಲ್ಲೆಯ, ಮೇಲೆ ಒಂದೊಂದು ಟ್ಯಾಪೆಟ್ ನಿಂತಿರುತ್ತದೆ; ಅದು ಪುಶ್‌ರಾಡ್ ಎಂಬ ಕಡ್ಡಿ, ರಾಕರ್ ಎಂಬ ತೂಗುಕೈ ಮೂಲಕ ವಾಲ್ವನ್ನು ತೆರೆಯುತ್ತದೆ. ನಡುವೆ ರೋಲರ್ ಇಲ್ಲ, ಏನೂ ಇಲ್ಲ. ಕಬ್ಬಿಣದ ಮೇಲೆ ಕಬ್ಬಿಣ ಉಜ್ಜಿಕೊಂಡೇ ಹೋಗಬೇಕು. ಆ ಎರಡೂ ತಾಗುವುದು ಒಂದು ಗೆರೆಯಷ್ಟು ಜಾಗದಲ್ಲಿ, ಆ ಗೆರೆಯ ಮೇಲೆ ವಾಲ್ವ್ ಸ್ಪ್ರಿಂಗಿನ ಅಷ್ಟೂ ಭಾರ. ಟ್ಯಾಪೆಟ್ ಒಂದೇ ಕಡೆ ತಿಕ್ಕಿಸಿಕೊಳ್ಳದಿರಲೆಂದು ಅದು ತನ್ನ ತೂತಿನೊಳಗೆ ಸದಾ ತಿರುಗುತ್ತಿರುವಂತೆ ಮಾಡಿರುತ್ತಾರೆ: ಟ್ಯಾಪೆಟ್ಟಿನ ಮುಖ ಕಣ್ಣಿಗೆ ಸಪಾಟಾಗಿ ಕಂಡರೂ ನಡುವೆ ಒಂದೆರಡು ಥೌ ಉಬ್ಬಿರುತ್ತದೆ, ಲೋಬ್ ಅದನ್ನು ಮಧ್ಯಕ್ಕೆ ತಾಗದೆ ಸ್ವಲ್ಪ ಪಕ್ಕಕ್ಕೆ ತಾಗುತ್ತದೆ. ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ. ಆ ಒಂದೆರಡು ಥೌ ಉಬ್ಬಿನ ಮೇಲೆಯೇ ಇಡೀ ವ್ಯವಸ್ಥೆ ನಿಂತಿದೆ. ಟ್ಯಾಪೆಟ್ ತಿರುಗುವುದು ನಿಂತ ಗಳಿಗೆಯಿಂದ ಆ ಲೋಬಿನ ದಿನ ಎಣಿಸಬಹುದು.

ಸ್ಲೋದಲ್ಲಿ ಏನಾಗುತ್ತದೆ? ಮೊದಲನೆಯದು, ಲೋಬುಗಳಿಗೆ ಬೇರಿಂಗಿಗೆ ಬರುವಂತೆ ಪ್ರೆಶರಿನಲ್ಲಿ ಆಯಿಲ್ ಬರುವುದಿಲ್ಲ. ಕ್ರ್ಯಾಂಕ್ ತಿರುಗುವಾಗ ಎರಚಿದ್ದು, ಮೇಲೆ ರಾಕರ್‌ಗಳಿಂದ ಪುಶ್‌ರಾಡ್ ತೂತುಗಳ ಮೂಲಕ ಸೋರಿ ಬಂದದ್ದು, ಅಷ್ಟೇ. ಕ್ರ್ಯಾಂಕ್ ನಿಧಾನವಾದರೆ ಎರಚಾಟವೂ ಕಡಿಮೆ. ಎರಡನೆಯದು, ಎರಡು ಮೈಗಳ ನಡುವೆ ಆಯಿಲ್ ಪದರ ನಿಲ್ಲಬೇಕಾದರೆ ವೇಗ ಬೇಕು. ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವ ಕ್ಯಾಮ್, ಸ್ಲೋದಲ್ಲಿ ತೀರಾ ತೆವಳುತ್ತದೆ. ಮೂರನೆಯದು ಹಲವರಿಗೆ ಹೊಳೆಯುವುದಿಲ್ಲ: ವೇಗ ಹೆಚ್ಚಾದಾಗ ಮೇಲಕ್ಕೆ ಹಾರುವ ವಾಲ್ವು, ರಾಕರು, ಪುಶ್‌ರಾಡುಗಳ ಓಘವೇ ಸ್ಪ್ರಿಂಗಿನ ಒತ್ತಡವನ್ನು ಲೋಬಿನ ತುದಿಯಲ್ಲಿ ಸ್ವಲ್ಪ ತಾನು ಹೊರುತ್ತದೆ. ಸ್ಲೋದಲ್ಲಿ ಆ ಉಪಕಾರವಿಲ್ಲ, ಸ್ಪ್ರಿಂಗು ಪೂರ್ತಿ ಭಾರ ತುದಿಗೇ ಹಾಕುತ್ತದೆ. ಒಂದಕ್ಕೊಂದು ಹೊಂದಿಕೊಂಡ ಹಳೆಯ ಮೈಗಳು ಇದನ್ನು ತಾಳುತ್ತವೆ. ಗ್ರೈಂಡಿಂಗ್ ಗೀರುಗಳು ಇನ್ನೂ ಹಸಿಯಾಗಿರುವ ಹೊಸ ಮೈಗಳು ತಾಳುವುದಿಲ್ಲ.

ಆದ್ದರಿಂದ ಮಾಡಬೇಕಾದ್ದು ಇಷ್ಟು: ಎಂಜಿನ್ ಮೊದಲ ಸೆಲ್ಫಿಗೇ ಹತ್ತಬೇಕು, ಹತ್ತಿದ ಕೂಡಲೇ 2000 ಆರ್‌ಪಿಎಂ ಮುಟ್ಟಬೇಕು, ಇಪ್ಪತ್ತು ನಿಮಿಷ ಅಲ್ಲಿಂದ ಕೆಳಗಿಳಿಯಬಾರದು. ಕೇಳಲು ಸುಲಭ. ಕೆಲಸವೆಲ್ಲ ಇರುವುದು ಅದಕ್ಕೆ ಮುಂಚಿನ ತಯಾರಿಯಲ್ಲಿ.

ಸಾಮಾನು ನೋಡಿ ತೆಗೆದುಕೊಳ್ಳುವುದು

ಹೊಸ ಕ್ಯಾಮಿಗೆ ಹಳೆಯ ಟ್ಯಾಪೆಟ್ ಹಾಕಬೇಡಿ. ಇದರಲ್ಲಿ ರಾಜಿ ಇಲ್ಲ. ಹಳೆಯ ಟ್ಯಾಪೆಟ್ಟಿನ ಮುಖ ಗಂಧ ತೇಯ್ದ ಸಾಣೇಕಲ್ಲಿನ ಹಾಗೆ ನಡುವೆ ತಗ್ಗಾಗಿರುತ್ತದೆ. ಆ ತಗ್ಗಿನಲ್ಲಿ ಹೊಸ ಲೋಬಿನ ಅಂಚು ಕೂತರೆ ಟ್ಯಾಪೆಟ್ ತಿರುಗುವುದಿಲ್ಲ. ಹಳೆಯ ಕ್ಯಾಮನ್ನೇ ಮರಳಿ ಹಾಕುವುದಾದರೆ ಮಾತ್ರ ಹಳೆಯ ಟ್ಯಾಪೆಟ್ ಸರಿ, ಅದೂ ಯಾವುದು ಯಾವ ಲೋಬಿನ ಮೇಲಿತ್ತೋ ಅಲ್ಲಿಗೇ. ಬಿಚ್ಚುವಾಗಲೇ ಮೊಟ್ಟೆ ಟ್ರೇನಲ್ಲಿ ಒಂದರಿಂದ ಎಂಟರವರೆಗೆ ಸಾಲಾಗಿ ಇಟ್ಟುಕೊಳ್ಳಿ.

ಇನ್ನೊಂದು ಅಡ್ಡದಾರಿ ‘ಟ್ಯಾಪೆಟ್ ಫೇಸ್ ಹೊಡೆಸೋದು’. ಸವೆದ ಟ್ಯಾಪೆಟ್‌ಗಳನ್ನು ಗ್ರೈಂಡಿಂಗ್ ಮಷಿನ್ನಿಗೆ ಕೊಟ್ಟು ಕನ್ನಡಿಯಂತೆ ಸಪಾಟು ಮಾಡಿಸಿ ತರುತ್ತಾರೆ. ನೋಡಲು ಹೊಸದಕ್ಕಿಂತ ಹೊಳೆಯುತ್ತವೆ. ಆದರೆ ಆ ಒಂದೆರಡು ಥೌ ಉಬ್ಬು ಹೋಯಿತಲ್ಲ, ಗಟ್ಟಿ ಪದರವೂ ಎಷ್ಟೋ ಹೋಯಿತು. ನನ್ನ ಲೆಕ್ಕದಲ್ಲಿ ಅದು ದುಡ್ಡು ಕೊಟ್ಟು ಹಾಳು ಮಾಡಿಸಿಕೊಳ್ಳುವುದು. ಹೊಸ ಟ್ಯಾಪೆಟ್ ಕೊಳ್ಳುವಾಗ ಅಂಗಡಿಯಲ್ಲೇ ಪರೀಕ್ಷಿಸಬಹುದು. ಎರಡು ಟ್ಯಾಪೆಟ್‌ಗಳ ಮುಖಕ್ಕೆ ಮುಖ ತಾಗಿಸಿ ಬೆಳಕಿಗೆ ಹಿಡಿದು ಮೆಲ್ಲಗೆ ಆಡಿಸಿ. ಒಂದರ ಮೇಲೊಂದು ನವಿರಾಗಿ ಹೊರಳಿದರೆ, ಅಂಚುಗಳಲ್ಲಿ ಕೂದಲೆಳೆಯಷ್ಟು ಬೆಳಕು ಕಂಡರೆ, ಉಬ್ಬು ಇದೆ. ಅಂಟಿಕೊಂಡಂತೆ ಕೂತರೆ, ಅಥವಾ ನಡುವೆ ಬೆಳಕು ಕಂಡರೆ, ವಾಪಸ್ ಕೊಡಿ. ಬೆಂಗಳೂರಿನ ಜೆ.ಸಿ. ರಸ್ತೆಯ ಕೌಂಟರಿನ ಮುಂದೆ ನಾನು ಹೀಗೆ ಎಂಟನ್ನೂ ಹಿಡಿದು ನೋಡುತ್ತಾ ನಿಂತರೆ ಹಿಂದಿನವರು ಗೊಣಗುತ್ತಾರೆ. ಗೊಣಗಲಿ.

ಕ್ಯಾಮ್‌ಶಾಫ್ಟ್ ರೀಗ್ರೈಂಡ್ ಮಾಡಿದ್ದಾದರೆ ಅದೂ ಹೊಸದೇ ಎಂದು ತಿಳಿಯಿರಿ. ಮೈ ಹೊಸದು, ಆದ್ದರಿಂದ ಟ್ಯಾಪೆಟ್ ಹೊಸದು, ರನ್ನಿಂಗ್-ಇನ್ (ಹೊಸ ಮೈಗಳನ್ನು ಹೊಂದಿಸುವ ಮೊದಲ ಓಟ) ಕೂಡ ಹೊಸದರಂತೆಯೇ. ರೀಗ್ರೈಂಡಿನಲ್ಲಿ ಎಷ್ಟು ತೆಗೆದರು, ಗಟ್ಟಿ ಪದರ ಉಳಿದಿದೆಯೇ ಎಂದು ಲೇತಿನವರನ್ನು ಬಾಯಿಬಿಟ್ಟು ಕೇಳಿ. ಲೋಬಿನ ಪಕ್ಕದ ಅಂಚಿಗೆ ಸಣ್ಣ ಅರ ತಾಗಿಸಿದರೆ ಜಾರಬೇಕು. ಕಚ್ಚಿದರೆ ಆ ಶಾಫ್ಟ್ ಬೇಡ.

ಕೂರಿಸುವುದು

ಟ್ಯಾಪೆಟ್ ಗೂಡುಗಳನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಒಂದೊಂದು ಟ್ಯಾಪೆಟ್ಟನ್ನೂ ಬರಿಗೈಯಲ್ಲಿ ಬಿಟ್ಟು ನೋಡಿ. ತನ್ನ ಭಾರಕ್ಕೆ ತಾನೇ ಇಳಿಯಬೇಕು, ಬೆರಳಲ್ಲಿ ತಿರುಗಿಸಿದರೆ ತಡೆಯಿಲ್ಲದೆ ತಿರುಗಬೇಕು. ಎಲ್ಲಾದರೂ ಹಿಡಿದರೆ ಗೂಡಿನಲ್ಲಿ ಹಳೆಯ ಜಿಡ್ಡು ಗಟ್ಟಿಯಾಗಿದೆ ಅಂತ ಅರ್ಥ.

ಲೋಬುಗಳಿಗೂ ಟ್ಯಾಪೆಟ್ಟಿನ ಮುಖಕ್ಕೂ ಮಾಲಿಬ್ಡಿನಂ ಪೇಸ್ಟ್ ಹಚ್ಚಿ. ಕಪ್ಪಗೆ, ಕಾಡಿಗೆಯ ಬಣ್ಣದ್ದು, ಕೈಗೆ ಹತ್ತಿದರೆ ಎರಡು ದಿನ ಹೋಗುವುದಿಲ್ಲ. ಬರೀ ಗ್ರೀಸ್ ಸಾಲದು, ಬರೀ ಆಯಿಲ್ ಅಂತೂ ರಾತ್ರಿ ಕಳೆಯುವುದರೊಳಗೆ ಇಳಿದುಹೋಗುತ್ತದೆ. ಪೇಸ್ಟ್ ಇಷ್ಟೆರಡು ಜಾಗಕ್ಕೆ ಮಾತ್ರ. ಟ್ಯಾಪೆಟ್ಟಿನ ಪಕ್ಕದ ಮೈಗೆ ಮತ್ತು ಕ್ಯಾಮ್ ಬೇರಿಂಗಿಗೆ ಎಂಜಿನ್ ಆಯಿಲ್ ಸಾಕು. ಪಕ್ಕಕ್ಕೂ ಪೇಸ್ಟ್ ಮೆತ್ತಿದರೆ ತಿರುಗಬೇಕಾದ ಟ್ಯಾಪೆಟ್ ಅಂಟಿಕೊಳ್ಳುತ್ತದೆ.

ಮುಂದಿನ ಪ್ಲೇಟ್ ಬಿಗಿದ ಮೇಲೆ ಕ್ಯಾಮ್‌ಶಾಫ್ಟಿನ ಹಿಂದು-ಮುಂದಿನ ಆಟ ಅಳೆಯಿರಿ. ಬಿ-ಸೀರೀಸಿನಲ್ಲಿ 3ರಿಂದ 7 ಥೌ ಒಳಗಿರಬೇಕು. ಹೆಚ್ಚಿದ್ದರೆ ಶಾಫ್ಟ್ ಹಿಂದಕ್ಕೂ ಮುಂದಕ್ಕೂ ಓಡಾಡಿ ಲೋಬ್ ಟ್ಯಾಪೆಟ್ಟಿನ ತಪ್ಪು ಜಾಗಕ್ಕೆ ತಾಗುತ್ತದೆ.

ಬಿ-ಸೀರೀಸಿನ ಒಂದು ಪುಣ್ಯವೆಂದರೆ ಬ್ಲಾಕಿನ ಪಕ್ಕದಲ್ಲಿರುವ ಎರಡು ಟ್ಯಾಪೆಟ್ ಕವರ್. ಮ್ಯಾನಿಫೋಲ್ಡ್ ಹಾಕುವ ಮುಂಚೆ, ಆ ಕವರ್ ಬಿಚ್ಚಿಟ್ಟುಕೊಂಡು, ಒಂದೊಂದು ಟ್ಯಾಪೆಟ್ಟಿನ ಮೇಲೂ ಮಾರ್ಕರ್ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ಹುಡುಗನ ಕೈಗೆ ಮುಂದಿನ ಹ್ಯಾಂಡಲ್ ಕೊಟ್ಟು ನಿಧಾನ ತಿರುಗಿಸಲು ಹೇಳಿ. ಲೋಬ್ ಎತ್ತಿದಾಗಲೆಲ್ಲ ಗೆರೆ ಸ್ವಲ್ಪ ಸ್ವಲ್ಪವೇ ಪಕ್ಕಕ್ಕೆ ಸರಿಯುವುದು ಕಾಣುತ್ತದೆ. ಎಂಟರಲ್ಲಿ ಒಂದು ಸರಿಯದಿದ್ದರೂ ಅಲ್ಲೇ ನಿಲ್ಲಿಸಿ, ಆ ಟ್ಯಾಪೆಟ್ ಹೊರತೆಗೆದು ನೋಡಿ. ಎರಡು ಮೂರು ಸುತ್ತು ಸಾಕು. ಬಂದವರಿಗೆಲ್ಲ ತೋರಿಸುತ್ತಾ ತಿರುಗಿಸಿದರೆ ಪೇಸ್ಟ್ ಒರೆಸಿಹೋಗುತ್ತದೆ.

ಟ್ಯಾಪೆಟ್ ಗ್ಯಾಪಿಗೆ, ಅಂದರೆ ರಾಕರಿಗೂ ವಾಲ್ವಿಗೂ ನಡುವೆ ಬಿಡುವ ಸಂದಿಗೆ, ಒಂಬತ್ತರ ಲೆಕ್ಕ. ಎಂಟನೇ ವಾಲ್ವ್ ಪೂರ್ತಿ ತೆರೆದಾಗ ಒಂದನೆಯದನ್ನು ಹೊಂದಿಸಿ, ಆರು ತೆರೆದಾಗ ಮೂರು, ನಾಲ್ಕಕ್ಕೆ ಐದು, ಏಳಕ್ಕೆ ಎರಡು. ಕೂಡಿದರೆ ಯಾವಾಗಲೂ ಒಂಬತ್ತು. ಗ್ಯಾಪ್ 15 ಥೌ. ಈ ಎಂಟು ಅಳತೆಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ. ಆ ಹಾಳೆ ಆಮೇಲೆ ಬೇಕು.

ಆಯಿಲ್ ಯಾವುದು, ಏರಿಸುವುದು ಹೇಗೆ

ಹೊಸ ಲೋಬನ್ನು ಕಾಯುವುದು ಆಯಿಲ್ಲಿನೊಳಗಿನ ಝಡ್‌ಡಿಡಿಪಿ ಎಂಬ ಸತು-ರಂಜಕದ ಸೇರ್ಪಡೆ. ಬಿಸಿ ಮತ್ತು ಒತ್ತಡ ಬಿದ್ದ ಕಡೆ ಅದು ಕಬ್ಬಿಣಕ್ಕೆ ಒಂದು ತೆಳು ಪದರವಾಗಿ ಕೂರುತ್ತದೆ, ತಿಕ್ಕಾಟವಾದಾಗ ಕಬ್ಬಿಣದ ಬದಲು ಆ ಪದರ ಸವೆಯುತ್ತದೆ. ರಂಜಕ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆಂದು ಹೊಸ ಕಾರುಗಳ ತೆಳು ಆಯಿಲ್‌ಗಳಲ್ಲಿ ಅದನ್ನು ಇಳಿಸುತ್ತಾ ಬಂದರು. 2004ರ ಎಪಿಐ ಎಸ್‌ಎಂ ಎಂಬ ಅಮೆರಿಕದ ಆಯಿಲ್ ದರ್ಜೆಯಲ್ಲಿ ಅಂಥ ಗ್ರೇಡುಗಳಿಗೆ ರಂಜಕದ ಮಿತಿ 800 ಪಿಪಿಎಂ (ಹತ್ತು ಲಕ್ಷಕ್ಕೆ 800 ಭಾಗ) ಆಯಿತು. ಅಂಬಾಸಿಡರಿಗೆ ಕನ್ವರ್ಟರ್ ಎಲ್ಲಿಂದ ಬರಬೇಕು? ನಮಗೆ ಬೇಕಾದ್ದು 1200 ಪಿಪಿಎಂ ಅಥವಾ ಅದಕ್ಕೂ ಸ್ವಲ್ಪ ಹೆಚ್ಚು.

20ಡಬ್ಲ್ಯೂ-50 ಗ್ರೇಡಿಗೆ ಆ ಮಿತಿ ಅನ್ವಯಿಸುವುದಿಲ್ಲ, ಆದರೆ ಮಿತಿ ಇಲ್ಲ ಅಂದಮಾತ್ರಕ್ಕೆ ಡಬ್ಬದೊಳಗೆ ಸತು ತುಂಬಿದೆ ಅಂತಲ್ಲ. ಕಂಪನಿಯ ಡೇಟಾ ಶೀಟ್ ತರಿಸಿ ನೋಡಿ, ರಂಜಕ ಶೇ. 0.12ರ (ಅಂದರೆ 1200 ಪಿಪಿಎಂ) ಆಸುಪಾಸು ಇರಬೇಕು. ರನ್ನಿಂಗ್-ಇನ್‌ಗೆಂದೇ ಮಾಡಿದ ಆಯಿಲ್ ಸಿಕ್ಕರೆ ಅದೇ ಮೇಲು. ಸಿಗದಿದ್ದರೆ ಸಿಐ-4 ದರ್ಜೆಯ 15ಡಬ್ಲ್ಯೂ-40 ಡೀಸೆಲ್ ಆಯಿಲ್ ಹಾಕಬಹುದು, ಅದರಲ್ಲಿ ಸತು ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಅದಕ್ಕೂ ಶೀಟ್ ನೋಡಿಯೇ. ಮಿನರಲ್ ಆಯಿಲ್ ಸಾಕು, ಸಿಂಥೆಟಿಕ್ ಈಗ ಬೇಡ. ಅಂಗಡಿಯವನು ಕೊಡುವ ಬಗೆಬಗೆಯ ಬಾಟಲಿಗಳನ್ನೆಲ್ಲ ಒಟ್ಟಿಗೆ ಸುರಿಯಲೂ ಬೇಡಿ. ಸತು ಮಿತಿ ಮೀರಿದರೂ ಲೋಬಿಗೆ ಕೇಡೇ.

ಇನ್ನು ಆಯಿಲ್ ಏರಿಸುವುದು. ಸ್ಟಾರ್ಟ್ ಆಗುವ ಮುಂಚೆ ಪಂಪ್, ಫಿಲ್ಟರ್, ಗ್ಯಾಲರಿ (ಬ್ಲಾಕಿನೊಳಗಿನ ಆಯಿಲ್ ದಾರಿ) ಎಲ್ಲ ತುಂಬಿರಬೇಕು. ಈ ಎಂಜಿನ್ನಿನಲ್ಲಿ ಪಂಪು ಕ್ಯಾಮ್‌ಶಾಫ್ಟಿನಿಂದಲೇ ತಿರುಗುವುದರಿಂದ ಫಜೀತಿ ಇದೆ: ಪ್ಲಗ್ ಬಿಚ್ಚಿ ಸೆಲ್ಫ್ ಹೊಡೆದು ಪ್ರೆಶರ್ ಏರಿಸುತ್ತೇನೆ ಎಂದು ಹೊರಟರೆ, ಅಷ್ಟು ಹೊತ್ತೂ ಲೋಬುಗಳ ಮೇಲಿನ ಪೇಸ್ಟ್ ಅತಿ ನಿಧಾನ ವೇಗದಲ್ಲಿ ತಿಕ್ಕಿಹೋಗುತ್ತಿರುತ್ತದೆ. ನಾನು ಮಾಡುವುದು ಬೇರೆ. ಪಂಪ್ ಕೂರಿಸುವಾಗಲೇ ಒಳಗೆ ವ್ಯಾಸಲೀನ್ ತುಂಬುತ್ತೇನೆ, ಒಣಗಿದ ಪಂಪ್ ಆಯಿಲ್ ಎಳೆಯುವುದಿಲ್ಲ. ಫಿಲ್ಟರ್ ಬಟ್ಟಲಿಗೆ ಆಯಿಲ್ ತುಂಬಿ ಕೂರಿಸುತ್ತೇನೆ. ಆಮೇಲೆ ಗಿಡಕ್ಕೆ ಔಷಧಿ ಹೊಡೆಯುವ ಕೈಪಂಪ್. ಹೊಸದು ತನ್ನಿ, ತೋಟದಲ್ಲಿ ಬಳಸಿದ್ದು ಬೇಡವೇ ಬೇಡ. ಅದಕ್ಕೆ ಎರಡು ಲೀಟರ್ ಆಯಿಲ್ ಹಾಕಿ, ತುದಿಯ ಪೈಪನ್ನು ಬ್ಲಾಕಿನಲ್ಲಿ ಆಯಿಲ್ ಪ್ರೆಶರ್ ತೆಗೆಯುವ ತೂತಿಗೆ ಜೋಡಿಸಿ, ಮೂವತ್ತು-ನಲವತ್ತು ಪಿಎಸ್‌ಐ ಗಾಳಿ ಹೊಡೆಯಿರಿ. ದಪ್ಪ ಆಯಿಲ್ ಆದ್ದರಿಂದ ಡಬ್ಬವನ್ನು ಮೊದಲು ಬಿಸಿಲಿಗಿಟ್ಟಿದ್ದರೆ ಚೆನ್ನಾಗಿ ಹರಿಯುತ್ತದೆ. ನಡುನಡುವೆ ಹ್ಯಾಂಡಲನ್ನು ಕಾಲು ಸುತ್ತು ತಿರುಗಿಸಿ ನಿಲ್ಲಿಸಿ. ರಾಕರ್ ಕವರ್ ತೆಗೆದಿರಲಿ. ಒಂದು ಹಂತದಲ್ಲಿ ರಾಕರ್‌ಗಳ ಬುಡದಲ್ಲಿ ಆಯಿಲ್ ಜಿನುಗಿ, ಹನಿಯಾಗಿ, ಪುಶ್‌ರಾಡಿನ ಮೇಲೆ ಇಳಿಯತೊಡಗುತ್ತದೆ. ಅದನ್ನು ಕಣ್ಣಾರೆ ನೋಡುವ ತನಕ ಪೆಟ್ರೋಲ್ ಕಡೆ ಕೈ ಹಾಕಬೇಡಿ.

ಕೊನೆಗೆ ಅರ್ಧ ಲೀಟರ್ ಆಯಿಲನ್ನು ಪುಶ್‌ರಾಡ್ ತೂತುಗಳಿಗೆ ಮೆಲ್ಲಗೆ ಸುರಿಯಿರಿ. ಅದು ನೇರ ಟ್ಯಾಪೆಟ್ ಮತ್ತು ಲೋಬುಗಳ ಮೇಲೆ ಬೀಳುತ್ತದೆ. ಸೇರಿದ್ದೆಲ್ಲ ಎಂಜಿನ್ನಿನ ಕೆಳಗಿನ ಆಯಿಲ್ ಚೇಂಬರಿಗೇ ಇಳಿಯುವುದರಿಂದ ಡಿಪ್‌ಸ್ಟಿಕ್ ಮತ್ತೊಮ್ಮೆ ನೋಡಿ.

ಒಂದೇ ಸೆಲ್ಫಿಗೆ ಹತ್ತಬೇಕು

ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟ್ ಗ್ಯಾಪ್ 15 ಥೌ. ಒಂದನೇ ಸಿಲಿಂಡರ್ ಫೈರಿಂಗಿಗೆ ಬಂದಿದೆಯೇ ಎಂದು ತಿಳಿಯಲು ನಾಲ್ಕನೆಯದರ ವಾಲ್ವುಗಳನ್ನು ನೋಡಿ: ಒಂದು ಮುಚ್ಚುತ್ತಾ ಇನ್ನೊಂದು ತೆರೆಯುತ್ತಾ ಇದ್ದರೆ ಒಂದನೆಯದು ಫೈರಿಂಗಿನಲ್ಲಿದೆ. ಆಗ ರೋಟರ್ ಒಂದನೇ ವೈರಿನ ಕಡೆಗೇ ಮುಖ ಮಾಡಿರಬೇಕು. ಎದುರು ದಿಕ್ಕಿಗಿದ್ದರೆ ಡಿಸ್ಟ್ರಿಬ್ಯೂಟರ್ ಡ್ರೈವ್ ತಿರುವುಮುರುವಾಗಿ ಕೂತಿದೆ. ಸೆಲ್ಫ್ ಹೊಡೆದು ಹೊಡೆದು ಕಾರ್ಬ್ಯುರೇಟರಿನಿಂದ ಪಟಾಕಿ ಕೇಳುವುದಕ್ಕಿಂತ ಈಗಲೇ ಸರಿಮಾಡಿ. ಫೈರಿಂಗ್ ಆರ್ಡರ್ 1-3-4-2. ಟೈಮಿಂಗನ್ನು ಬಲ್ಬ್ ಹಾಕಿ ಕೂರಿಸಿ: 12 ವೋಲ್ಟ್ ಬಲ್ಬಿನ ಒಂದು ವೈರ್ ಡಿಸ್ಟ್ರಿಬ್ಯೂಟರ್ ಟರ್ಮಿನಲ್ಲಿಗೆ, ಇನ್ನೊಂದು ಬಾಡಿಗೆ, ಇಗ್ನಿಷನ್ ಆನ್, ಪುಲ್ಲಿಯ ಗುರುತು ಬಂದಾಗ ಬಲ್ಬ್ ಹತ್ತಬೇಕು.

ಫ್ಲೋಟ್ ಚೇಂಬರಿಗೆ ಕೈಯಿಂದಲೇ ಪೆಟ್ರೋಲ್ ತುಂಬಿ. ಬ್ಯಾಟರಿ ಪೂರ್ತಿ ಚಾರ್ಜ್ ಇರಲಿ. ರೇಡಿಯೇಟರ್ ತುಂಬಿ, ಹೋಸುಗಳನ್ನು ಹಿಸುಕಿ ಗಾಳಿ ಹೊರಡಿಸಿ. ಸ್ಲೋ ಸ್ಕ್ರೂವನ್ನು ಬೇಕೆಂದೇ ಒಳಕ್ಕೆ ತಿರುಗಿಸಿಡಿ, ಹತ್ತಿದಾಗ ಎಂಜಿನ್ ತಾನಾಗಿ 1500 ದಾಟಬೇಕು, ಹುಡುಗನ ಕಾಲು ತಡವಾದರೂ ಕೆಳಗೆ ಬೀಳಬಾರದು.

ಅಂಬಾಸಿಡರಿನಲ್ಲಿ ಆರ್‌ಪಿಎಂ ಮೀಟರ್ ಇಲ್ಲ. ಕಿವಿಯ ಅಂದಾಜು ಈ ಕೆಲಸಕ್ಕೆ ಸಾಲದು, ಎಲ್ಲರೂ 1200ನ್ನು 2000 ಅಂತ ಹೇಳುತ್ತಾರೆ. ಟ್ಯಾಕೋಮೀಟರ್ ಇರುವ ಟೈಮಿಂಗ್ ಲೈಟ್ ಅಥವಾ ಹಳೆಯ ಡ್ವೆಲ್ ಮೀಟರ್ ತನ್ನಿ. ಹರ್ಟ್ಸ್ ತೋರಿಸುವ, ಇಗ್ನಿಷನ್ ಕೆಲಸಕ್ಕೆ ಒಗ್ಗುವ ಆಟೊಮೋಟಿವ್ ಮೀಟರ್ ಆದರೂ ಸರಿ: ನಾಲ್ಕು ಸಿಲಿಂಡರಿಗೆ ಸುತ್ತಿಗೆ ಎರಡು ಸ್ಪಾರ್ಕ್, ಆದ್ದರಿಂದ ಕಾಯಿಲ್ ಕಡೆ 50 ಹರ್ಟ್ಸ್ ಅಂದರೆ 1500, 67 ಅಂದರೆ 2000, 83 ಅಂದರೆ 2500. ಸಾದಾ ಮಲ್ಟಿಮೀಟರನ್ನು ಕಾಯಿಲ್ಲಿಗೆ ಹಚ್ಚಬೇಡಿ, ಅಲ್ಲಿ ನೂರಾರು ವೋಲ್ಟ್ ಚಿಮ್ಮುತ್ತದೆ. ಆಯಿಲ್ ಪ್ರೆಶರಿಗೂ ಮುಳ್ಳಿನ ಮೀಟರ್ ಕಟ್ಟಿ, ಬರೀ ಲೈಟನ್ನು ನಂಬಬೇಡಿ.

ಇಪ್ಪತ್ತು ನಿಮಿಷ

ಗಾಡಿ ಬಯಲಲ್ಲಿರಲಿ, ಶೆಡ್ಡಿನೊಳಗೆ ಬೇಡ. ಹೊಗೆಯಲ್ಲಿ ಇಪ್ಪತ್ತು ನಿಮಿಷ ನಿಲ್ಲುವಂತಿಲ್ಲ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿರಲಿ. ಇಬ್ಬರು ಬೇಕು: ಒಬ್ಬರು ಆಕ್ಸಿಲರೇಟರ್ ಮತ್ತು ಮೀಟರ್, ಇನ್ನೊಬ್ಬರು ಬಾನೆಟ್ ಕಡೆ. ಕೈಸನ್ನೆ ಮೊದಲೇ ಮಾತಾಡಿಕೊಳ್ಳಿ, ಸದ್ದಿನಲ್ಲಿ ಕೂಗಿದ್ದು ಕೇಳಿಸುವುದಿಲ್ಲ.

ಹತ್ತಿದ ಕೂಡಲೇ ನೋಡಬೇಕಾದ್ದು ಪ್ರೆಶರ್ ಮುಳ್ಳು. ಕೆಲವೇ ಸೆಕೆಂಡಿನಲ್ಲಿ ಏರಿ ತಣ್ಣಗಿನ ಎಂಜಿನ್ನಿನಲ್ಲಿ 50 ಪಿಎಸ್‌ಐ ದಾಟಬೇಕು. ಏರದಿದ್ದರೆ ಆಫ್ ಮಾಡಿ. ಏರಿದರೆ 2000ಕ್ಕೆ ಒಯ್ದು ಗಡಿಯಾರ ನೋಡಿಕೊಳ್ಳಿ. ಒಂದೇ ವೇಗದಲ್ಲಿ ಹಿಡಿಯಬೇಡಿ. ಎರಡು ನಿಮಿಷಕ್ಕೊಮ್ಮೆ 2000ದಿಂದ 2500ಕ್ಕೆ ಏರಿಸಿ, ಮತ್ತೆ ಇಳಿಸಿ, ಆಗ ಆಯಿಲ್ ಎರಚುವ ಜಾಗ ಬದಲಾಗುತ್ತದೆ. ಪೂರ್ತಿ ತುಳಿದು ಕಿರುಚಿಸುವುದೂ ಬೇಡ. ಮೊದಲ ನಿಮಿಷಗಳಲ್ಲೇ ಟೈಮಿಂಗ್ ಲೈಟ್ ಹಿಡಿದು ಡಿಸ್ಟ್ರಿಬ್ಯೂಟರ್ ಹೊಂದಿಸಿ. ಟೈಮಿಂಗ್ ಹಿಂದಿದ್ದರೆ (ಸ್ಪಾರ್ಕ್ ತಡವಾಗಿ ಬರುತ್ತಿದ್ದರೆ) ನಿಂತಲ್ಲೇ ಈ ವೇಗಕ್ಕೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೆಂಪಾಗುತ್ತದೆ, ನೀರು ಕುದಿಯುತ್ತದೆ. ಹೊಸ ಬಣ್ಣ ಸುಟ್ಟ ವಾಸನೆ, ಮ್ಯಾನಿಫೋಲ್ಡಿನಿಂದ ಸ್ವಲ್ಪ ಹೊಗೆ ಬರುವುದು ಸಹಜ.

ಈ ಹೊತ್ತಿನಲ್ಲಿ ನಿಜವಾದ ತೊಂದರೆ ಗಾಡಿಯ ಯಜಮಾನರು. 1978ರ ಮಾರ್ಕ್ 3 ಇಟ್ಟುಕೊಂಡಿರುವ ನಿವೃತ್ತ ಮೇಷ್ಟ್ರೊಬ್ಬರು ನಮ್ಮಲ್ಲಿ ಎಂಜಿನ್ ಕಟ್ಟಿಸಿದರು. ಆರೇಳು ನಿಮಿಷ ಆಗಿರಬಹುದು, ಕುರ್ಚಿಯಿಂದ ಎದ್ದು ಬಂದರು.

‘ಏನಪ್ಪಾ ಇದು, ಹೊಸ ಎಂಜಿನ್ನನ್ನ ಹಿಂಗೆ ಅರಚಿಸ್ತಿದ್ದೀಯಲ್ಲ! ಒಂಚೂರು ಸ್ಲೋ ಮಾಡಪ್ಪ, ಎದೆ ಹೊಡ್ಕೊಳ್ತಿದೆ.’

‘ಸ್ಲೋ ಮಾಡಿದ್ರೇ ಮೇಷ್ಟ್ರೇ ಕೆಡೋದು. ನೀವು ಆ ಕಡೆ ಹೋಗಿ ಒಂದು ಕಾಫಿ ಕುಡ್ಕೊಂಡು ಬನ್ನಿ.’

ಅಷ್ಟರಲ್ಲಿ ಒಳಗಿದ್ದ ನಮ್ಮ ಹುಡುಗ ಮೇಷ್ಟ್ರ ಮುಖ ನೋಡಿ ಕಾಲು ಸಡಿಲಿಸಿದ. ಮೀಟರ್ 60 ಹರ್ಟ್ಸ್‌ಗಿಂತ ಕೆಳಗೆ ಬಂತು. ನಾನು ಕೈ ಎತ್ತಿದೆ. ‘ಗೊತ್ತಾಯ್ತು ಅಣ್ಣಾ’ ಎಂದು ಮತ್ತೆ ತುಳಿದ. ಯಜಮಾನರನ್ನು ಆ ದಿನ ಕರೆಯದಿರುವುದೇ ವಾಸಿ ಎಂದು ನಮ್ಮ ತಂದೆ ಹೇಳುತ್ತಿದ್ದರು.

ಹೋಸ್ ಸೋರಿದರೆ, ಪೆಟ್ರೋಲ್ ವಾಸನೆ ಬಂದರೆ, ಬಿಸಿ ಏರಿದರೆ ತಡಮಾಡದೆ ಆಫ್ ಮಾಡಿ. ‘ಸ್ವಲ್ಪ ಸ್ಲೋದಲ್ಲಿ ಬಿಟ್ಟು ನೋಡೋಣ’ ಅನ್ನಬೇಡಿ. ನಿಂತ ಎಂಜಿನ್ನಿನಲ್ಲಿ ಕ್ಯಾಮ್ ಸವೆಯುವುದಿಲ್ಲ. ಸರಿಪಡಿಸಿ, ಮತ್ತೆ ಹಚ್ಚಿ, ನೇರ 2000ಕ್ಕೆ ಒಯ್ದು ಉಳಿದ ನಿಮಿಷಗಳನ್ನು ಮುಗಿಸಿ.

ಆಮೇಲೆ

ಬಿಸಿ ಇರುವಾಗಲೇ ಆಯಿಲ್ ಇಳಿಸಿ, ಫಿಲ್ಟರ್ ಬದಲಿಸಿ. ಇಪ್ಪತ್ತು ನಿಮಿಷ ಓಡಿದ ಆಯಿಲ್ ಚೆಲ್ಲಲು ಮನಸ್ಸು ಬರುವುದಿಲ್ಲ, ಆದರೂ ಚೆಲ್ಲಬೇಕು. ಅದು ಪೇಸ್ಟಿನಿಂದ ಬೂದುಗಪ್ಪಾಗಿರುತ್ತದೆ, ಅದಕ್ಕೆ ಹೆದರಬೇಡಿ. ಫಿಲ್ಟರ್ ಎಲಿಮೆಂಟ್ ಕತ್ತರಿಸಿ ಮಡಿಕೆಗಳನ್ನು ಬಿಡಿಸಿ, ಹಿಂಡಿ, ಬಿಳಿ ಹಾಳೆಯ ಮೇಲೆ ಬಿಸಿಲಿಗೆ ಹಿಡಿಯಿರಿ. ಬೆರಳಿಗೆ ತಾಗದಂಥ ನುಣ್ಣನೆ ಬೂದಿ ಸರಿ. ಬೆರಳಿಗೆ ಚುಚ್ಚುವ, ಮಿನುಗುವ, ಅಯಸ್ಕಾಂತಕ್ಕೆ ಹಾರಿ ಅಂಟುವ ಚೂರುಗಳಿದ್ದರೆ ಲೋಬ್ ಹೋಗುತ್ತಿದೆ.

ಈಗ ಆ ಹಾಳೆ ತೆಗೆಯಿರಿ. ಎಂಜಿನ್ ಮೊದಲಿನಷ್ಟೇ ತಣ್ಣಗಾದ ಮೇಲೆ ಎಂಟೂ ಗ್ಯಾಪ್ ಮತ್ತೆ ಅಳೆಯಿರಿ. ಹೆಡ್ ಪ್ಯಾಕಿಂಗ್ ಕೂತರೂ, ವಾಲ್ವ್ ಸೀಟಿನಲ್ಲಿ ಕೂತರೂ ಗ್ಯಾಪ್ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚಾಗುವುದಿಲ್ಲ. ಹೆಚ್ಚಾಯಿತೆಂದರೆ ಟ್ಯಾಪೆಟ್ಟಿನ ಕಡೆ ಏನೋ ಸವೆದಿದೆ. ಎಲ್ಲದರಲ್ಲೂ ಒಂದು ಥೌ ಹೆಚ್ಚಿದ್ದರೆ ರಾಕರ್, ಪುಶ್‌ರಾಡ್ ತುದಿಗಳು ಕೂತಿವೆ ಅನ್ನಬಹುದು. ಏಳು ಸರಿಯಿದ್ದು ಒಂದೇ ನಾಲ್ಕೈದು ಥೌ ಹೆಚ್ಚಿದ್ದರೆ ಅದನ್ನು ಸ್ಕ್ರೂ ತಿರುಗಿಸಿ ಮುಚ್ಚಿಹಾಕಬೇಡಿ. ಡಯಲ್ ಗೇಜ್ ಇದ್ದರೆ ಪ್ರತಿ ಪುಶ್‌ರಾಡ್ ಎಷ್ಟು ಏಳುತ್ತದೆಂದು ಅಳೆಯಿರಿ: ಲೋಬಿನ ತುದಿ ಮಾತ್ರ ಸವೆದಿದ್ದರೆ ಗ್ಯಾಪಿನಲ್ಲಿ ಗೊತ್ತಾಗುವುದಿಲ್ಲ, ಎತ್ತರದಲ್ಲಿ ಗೊತ್ತಾಗುತ್ತದೆ. ಬೇರೆ ಕಡೆ ಕಟ್ಟಿಸಿ, ಒಂದು ಸಂಜೆಯಿಡೀ ಸ್ಲೋದಲ್ಲಿ ಬಿಟ್ಟಿದ್ದ ಗಾಡಿಯೊಂದು ‘ಟ್ಯಾಪೆಟ್ ಸೌಂಡ್’ ಎಂದು ನಮ್ಮಲ್ಲಿಗೆ ಬಂದಿತ್ತು. ಪ್ರತಿ ವಾರ ಗ್ಯಾಪ್ ಹೊಂದಿಸಿದ್ದಾರಂತೆ. ಐದನೇ ಲೋಬ್ ಮುಟ್ಟಿನೋಡಿದರೆ ಮೂತಿಯೇ ಇರಲಿಲ್ಲ, ಉರುಟಾಗಿತ್ತು.

ಎಲ್ಲ ಸರಿಯಿದ್ದರೆ ಹೊಸ ಆಯಿಲ್ ತುಂಬಿ, ಸ್ಲೋ ಸ್ಕ್ರೂ ಜಾಗಕ್ಕೆ ತಂದು, ಗಾಡಿಯನ್ನು ರಸ್ತೆಗೆ ಒಯ್ಯಿರಿ. ರಿಂಗುಗಳಿಗೆ ನಿಂತಲ್ಲಿ ಓಡುವುದಲ್ಲ, ಲೋಡ್ ಬೇಕು. ಚಾಮುಂಡಿ ಬೆಟ್ಟದ ಏರು ನಮಗೆ ಪಕ್ಕದಲ್ಲೇ ಇದೆ, ಹಿತವಾಗಿ ತುಳಿದು ಹತ್ತಿಸಿ, ಬರುವಾಗ ಗೇರಿನಲ್ಲೇ ಇಳಿಸಿ. 500 ಕಿಲೋಮೀಟರಿಗೆ ಆಯಿಲ್ ಮತ್ತೊಮ್ಮೆ ಬದಲಿಸಿ, ಹೆಡ್ ನಟ್ಟುಗಳನ್ನು ಟಾರ್ಕಿಗೆ ನೋಡಿ, ಗ್ಯಾಪ್ ಮತ್ತೆ ಅದೇ ಹಾಳೆಯಲ್ಲಿ ಬರೆಯಿರಿ.

ಅಕಸ್ಮಾತ್ ಒಂದು ಲೋಬ್ ಹೋಗಿಯೇ ಬಿಟ್ಟಿದ್ದರೆ ಬರೀ ಕ್ಯಾಮ್ ಬದಲಿಸಿ ಮುಗಿಸುವಂತಿಲ್ಲ. ಸವೆದ ಕಬ್ಬಿಣದ ಪುಡಿ ಪಂಪಿನ ಮೂಲಕವೇ ಸುತ್ತಾಡಿರುತ್ತದೆ. ಚೇಂಬರ್ ಇಳಿಸಿ, ಪಂಪ್ ಬಿಚ್ಚಿ, ಬೇರಿಂಗ್ ಕ್ಯಾಪ್ ತೆಗೆದು ನೋಡಿ, ಗ್ಯಾಲರಿಗಳನ್ನು ಪೂರ್ತಿ ತೊಳೆಯಿರಿ. ಕ್ಯಾಮಿನ ಜೊತೆ ಎಂಟೂ ಟ್ಯಾಪೆಟ್ ಮತ್ತೆ ಹೊಸದು, ಚೆನ್ನಾಗಿ ಕಾಣುವ ಏಳೂ ಸೇರಿ. ತೆಗೆದವನ್ನು ಹಳೆ ಸಾಮಾನಿನ ಡಬ್ಬಕ್ಕೆ ಹಾಕಬೇಡಿ. ಮುಖವನ್ನು ಗ್ರೈಂಡರಿಗೆ ಹಿಡಿದು ಕೆಡಿಸಿಯೇ ಗುಜರಿಗೆ ಕೊಡಿ, ಇಲ್ಲದಿದ್ದರೆ ಫೇಸ್ ಹೊಡೆಸಿಕೊಂಡು ಇನ್ನೊಬ್ಬರ ಗಾಡಿಗೆ ಹೋಗಿ ಕೂರುತ್ತವೆ.